ಬಳ್ಳಿಗೇರಿಯ ಬೆರಳು

ಅದರ ಸರಕಾರಿ ಹೆಸರು 'ಶಿಶು ವಿಕಾಸ ಸಾಕ್ಷಿ ಯಂತ್ರ'. ಇಷ್ಟುದ್ದದ ಹೆಸರು ಹಿಡಿದು ಕರೆಯಲು ಯಾರಿಗೆ ಪುರಸೊತ್ತಿದೆ? ಅಂಗೈ ಉದ್ದದ ಆ ಯಂತ್ರ ಗೋಡೆಗೆ ಅಂಟಿಕೊಂಡಿರುತ್ತಿತ್ತು. ಮಗುವಿನ ಬಗ್ಗೆ ಒಂದು ಪ್ರಶ್ನೆಗೆ ಉತ್ತರ ಖಚಿತವಾದಾಗಲೆಲ್ಲ 'ಲೊಚ್' ಎಂದು ಸದ್ದು ಮಾಡುತ್ತಿತ್ತು. ಹಾಗಾಗಿ ಜನ ಅದನ್ನು ಹಲ್ಲಿ ಎಂದರು. ಮುದುಕಿಯರಂತೂ ಆ ಸದ್ದು ಕಿವಿಗೆ ಬಿದ್ದೊಡನೆ ಬೆರಳಿನಿಂದ ನೆಲ ಕುಟ್ಟಿ 'ಸತ್ಯ, ಸತ್ಯ' ಎನ್ನುತ್ತಿದ್ದರು. ವಿಜ್ಞಾನಿಗಳಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಇನ್ನೇನು ಬೇಕಿತ್ತು!

ಹಲ್ಲಿ ಹುಟ್ಟಲು ಕಾರಣ ತಾಯಂದಿರು. ಮೊದಲೆಲ್ಲ ಅಂಗನವಾಡಿಯಲ್ಲಿ ಪ್ರಶ್ನಾವಳಿ ಹಿಡಿದು ಅವರನ್ನೇ ಕೇಳುತ್ತಿದ್ದರು. ಹೆಸರು ಕರೆದರೆ ಮಗು ತಿರುಗಿ ನೋಡುತ್ತದೆಯೇ? ಬೆರಳು ಚಾಚಿ ತೋರಿಸುತ್ತದೆಯೇ? ಎರಡು ಮಾತು ಕೂಡಿಸಿ ಆಡುತ್ತದೆಯೇ? 'ಹೌದು', 'ಕೆಲವೊಮ್ಮೆ', 'ಇನ್ನೂ ಇಲ್ಲ' ಎಂಬ ಮೂರರಲ್ಲಿ ಒಂದನ್ನು ಹೇಳಬೇಕು. ಅತ್ತೆ ಪಕ್ಕದಲ್ಲಿ ಕುಳಿತಿದ್ದರೆ ಸೊಸೆ ಎಲ್ಲದಕ್ಕೂ 'ಹೌದು' ಎನ್ನುತ್ತಿದ್ದಳು. ನೆರೆಮನೆಯಾಕೆ ಕುಳಿತಿದ್ದರೆ ಮಗುವಿಗೆ ದೃಷ್ಟಿಯಾದೀತೆಂದು 'ಎಲ್ಲಿ ನಡೀತಾನ್ರಿ, ಬರೇ ಬೀಳೂದ ಆತು' ಎನ್ನುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು, ಅವರ ಮಾತು ನಂಬಿ ವಿಜ್ಞಾನ ನಡೆಸಲಾಗುವುದಿಲ್ಲ ಎಂದು ತಜ್ಞರು ತಲೆ ಕೆಡಿಸಿಕೊಂಡರು. ತಾಯಿಯ ಬದಲು, ಮಗುವನ್ನು ನೋಡಿ ಯಂತ್ರವೇ ಉತ್ತರ ಕೊಟ್ಟರೆ ಹೇಗೆ ಎಂದು ಯಾರೋ ಕೇಳಿದರು. ಧಾರವಾಡದ 'ಮೊಳಕೆ' ಕೇಂದ್ರದಲ್ಲಿ ಹಲ್ಲಿ ತಯಾರಾಯಿತು.

ಹಲ್ಲಿ ಕೆಲವು ವಾರ ಮನೆಯ ಗೋಡೆಯ ಮೇಲಿದ್ದು ಮಗುವಿನ ಕಣ್ಣು, ಕೈ, ದನಿಗಳನ್ನು ಗಮನಿಸುತ್ತಿತ್ತು. ಚಿತ್ರಗಳನ್ನು ಎಲ್ಲಿಗೂ ಕಳಿಸುತ್ತಿರಲಿಲ್ಲ. ನೋಡಿದ್ದನ್ನು ತನ್ನೊಳಗೇ ಅಳಿಸಿ, ಉತ್ತರಗಳನ್ನಷ್ಟೇ ಕೇಂದ್ರಕ್ಕೆ ರವಾನಿಸುತ್ತಿತ್ತು. ಮನೆಯ ಗುಟ್ಟು ಮನೆಯಲ್ಲೇ ಇರಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಹಲ್ಲಿ 'ಇಲ್ಲ' ಎಂದರೆ, ಯಾಕೆ ಇಲ್ಲ ಎಂದು ತಿಳಿಯುವ ದಾರಿಯೂ ಅದರೊಡನೆ ಅಳಿಸಿಹೋಗುತ್ತಿತ್ತು. ಅದು ಯಾರ ತಲೆಗೂ ಹೊಳೆದಿರಲಿಲ್ಲ.

ಕೇಂದ್ರದ ನಿಯಂತ್ರಣ ಕೋಣೆಯಲ್ಲಿ ಗೋಡೆಯಗಲದ ನಕ್ಷೆಯಿತ್ತು. ಉತ್ತರಗಳು ವಯಸ್ಸಿಗೆ ತಕ್ಕಂತಿದ್ದ ಮಗು ಹಸಿರು ಚುಕ್ಕೆ, ಹತ್ತಿರದಿಂದ ನೋಡಬೇಕಾದ ಮಗು ಕೆಂಪು ಚುಕ್ಕೆ. ಅದೇ ಬಣ್ಣದ ಚುಕ್ಕೆ ಆ ಮನೆಯ ಹಲ್ಲಿಯ ಮೇಲೂ ಮೂಡುತ್ತಿತ್ತು. ಒಂದು ಮುಂಜಾನೆ ಯಂತ್ರದ ಎಂಜಿನಿಯರ್ ಇಮ್ತಿಯಾಜ್ ನದಾಫ್ ಕುರ್ಚಿಯಿಂದ ಎದ್ದು ನಿಂತ.

"ಮೇಡಂ, ಇಲ್ಲಿ ಬಂದು ನೋಡ್ರಿ. ಊರಿಗೆ ಊರ ಕೆಂಪಾಗೇತಿ!"

ಕೇಂದ್ರದ ಮಕ್ಕಳ ತಜ್ಞೆ ಡಾ. ನೀಲಾಂಬಿಕಾ ಕೋಟೂರ ಓಡಿ ಬಂದರು. ಅವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಮಕ್ಕಳನ್ನು ಕಂಡರೆ ಮಾತ್ರ ಅದು ಎಲ್ಲಿ ಹೋಗುತ್ತಿತ್ತೋ ದೇವರೇ ಬಲ್ಲ. ನಕ್ಷೆಯಲ್ಲಿ ಘಟಪ್ರಭೆಯ ದಂಡೆಯ ಬಳ್ಳಿಗೇರಿ ಎಂಬ ಊರು ಕುಂಕುಮ ಚೆಲ್ಲಿದಂತೆ ಕಾಣುತ್ತಿತ್ತು. ಬೆರಳು ತೋರಿಸುವ ಪ್ರಶ್ನೆಗಳಿಗೆಲ್ಲ ಅಲ್ಲಿನ ಒಂದು ಮಗುವೂ 'ಹೌದು' ಪಡೆದಿರಲಿಲ್ಲ. ಆ ಪ್ರಶ್ನೆಗಳಿಗೆ ತೂಕವೂ ಹೆಚ್ಚು. ಮಾತು ಬರುವ ಮೊದಲು ಮಗು ಬೆರಳಿನಿಂದಲೇ ಮಾತಾಡುತ್ತದಲ್ಲ!

"ನೀರಾಗ ಏನರೆ ವಿಷ ಐತೇನೋ," ಎಂದರು ನೀಲಾಂಬಿಕಾ. ಅವರ ಮುಖ ಬಿಳಿಚಿಕೊಂಡಿತ್ತು.

ಅಲ್ಲಿಂದ ಶುರುವಾಯಿತು ದಂಡಯಾತ್ರೆ. ಬಾವಿಯ ನೀರು, ಹೊಳೆಯ ನೀರು, ತೋಟದ ಮಣ್ಣು, ಎಮ್ಮೆಯ ಹಾಲು ಎಲ್ಲವೂ ಬಾಟಲಿ ತುಂಬಿ ಧಾರವಾಡಕ್ಕೆ ಹೋದವು. ಯಾವುದರಲ್ಲೂ ಏನೂ ಸಿಗಲಿಲ್ಲ. ಸಿಗದಿದ್ದರೇನು, ಸುದ್ದಿಗೆ ಕಾಲು ಬಂತು. ಬಳ್ಳಿಗೇರಿಯ ಜನ ಬದುಕುತ್ತಿದ್ದುದೇ ಹೀರೇಕಾಯಿ, ಪಡವಲಕಾಯಿ, ಹಾಗಲಕಾಯಿ ಬೆಳೆದು. ಆ ಊರಿನ ನೀರೇ ಸರಿಯಿಲ್ಲವಂತೆ ಎಂದು ಪೇಟೆಯವರು ಅಲ್ಲಿನ ಕಾಯಿ ಮುಟ್ಟುವುದನ್ನು ಬಿಟ್ಟರು. ಗೊತ್ತಾಗಿದ್ದ ಒಂದು ಮದುವೆ ಮುರಿದುಬಿತ್ತು. ಊರಿನ ಗಂಡಸರು ಹಲ್ಲಿಗಳನ್ನು ಕಿತ್ತು ಹೊಳೆಗೆ ಎಸೆಯುವ ಮಾತಾಡತೊಡಗಿದರು.

ಆ ಊರಿನಲ್ಲಿ ಕೆಂಪು ಚುಕ್ಕೆ ನೋಡಿ ಉಸಿರು ಹಗುರಾದವಳು ಒಬ್ಬಳೇ, ಕಸ್ತೂರಿ.

ಅವಳ ಮಗಳು ಗೌರಾಳಿಗೆ ಎರಡು ತುಂಬಿ ಕೆಲವು ತಿಂಗಳಾಗಿತ್ತು. ಗುಂಗುರು ಕೂದಲಿನ ಚೆಂದದ ಹುಡುಗಿ, ಓಡುವುದರಲ್ಲಿ ಚುರುಕು. ಆದರೆ ಹತ್ತು ಸಲ ಕರೆದರೂ ತಿರುಗುತ್ತಿರಲಿಲ್ಲ. ತಟ್ಟೆಯ ಮುಚ್ಚಳವನ್ನು ಗಿರಗಿರ ತಿರುಗಿಸುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ ಅವಳಿಗೆ. ಕಸ್ತೂರಿ ಈ ಮಾತನ್ನು ಎತ್ತಿದಾಗಲೆಲ್ಲ ಅತ್ತೆ ನಿಂಬೆವ್ವನದು ಒಂದೇ ಉತ್ತರ.

"ಇವರಪ್ಪನೂ ಮೂರು ವರ್ಷಕ್ಕ ಬಾಯಿ ಬಿಟ್ಟಾನ. ಈಗ ನೋಡು, ಮುಚ್ಚಸಾಕ ಆಗೂದಿಲ್ಲ! ಸುಮ್ನ ಕೂಸಿಗೆ ಹೆಸರ ಇಡಬ್ಯಾಡ."

ಕಸ್ತೂರಿಯ ಗಂಡ ಬಾಳಪ್ಪ ತಾಯಿಯ ಮಾತಿಗೆ ನಕ್ಕು, ಹೆಂಡತಿಯ ಮುಖ ನೋಡಿ ನಗು ನಿಲ್ಲಿಸಿ, ಟೆಂಪೋ ಹತ್ತಿ ಹೋಗುತ್ತಿದ್ದ. ಹೀಗಾಗಿ ಮನೆಯಲ್ಲಿ ಆ ಭಯವನ್ನು ಹೊತ್ತವಳು ಕಸ್ತೂರಿ ಒಬ್ಬಳೇ. ಹಲ್ಲಿ ಕೆಂಪು ತೋರಿಸಿದ ದಿನ ಅವಳಿಗೆ ಅಳು ಬಂತು, ಆದರೆ ಅದು ದುಃಖದ ಅಳುವಲ್ಲ. ತನಗೆ ಮಾತ್ರ ಕಾಣುತ್ತಿದ್ದುದು ಇನ್ನೊಬ್ಬರಿಗೂ ಕಂಡಿತಲ್ಲ, ಅದು ಯಂತ್ರವಾದರೇನಂತೆ! ಇನ್ನು ಯಾರಾದರೂ ಬರುತ್ತಾರೆ, ಏನು ಮಾಡಬೇಕೆಂದು ಹೇಳುತ್ತಾರೆ ಎಂದು ಅವಳು ಕಾದಳು.

ಬಂದವರು ನೀಲಾಂಬಿಕಾ. ಮಣ್ಣು, ನೀರು ಕೈಕೊಟ್ಟ ಮೇಲೆ ಊರನ್ನೇ ಕಣ್ಣಾರೆ ನೋಡೋಣವೆಂದು ಹೊರಟಿದ್ದರು. ಅವರ ವಾಹನ ನಿಂತದ್ದು ನಿಂಬೆವ್ವನ ತೋಟದ ಬದಿಯಲ್ಲಿ. ಹಂದರದ ತುಂಬ ಪಡವಲ ಬಳ್ಳಿ ಹಬ್ಬಿತ್ತು. ಹೂವಿನ ಹಿಂದೆ ಕಿರುಬೆರಳಿನಷ್ಟು ಎಳೆಯ ಹೀಚುಗಳು ಇಳಿಬಿದ್ದಿದ್ದವು. ಹುಬ್ಬಳ್ಳಿಯ ಪೇಟೆಯಲ್ಲಿ ಬೆಳೆದ ನೀಲಾಂಬಿಕಾ ಇಂಥದ್ದನ್ನು ಎಲ್ಲಿ ನೋಡಿದ್ದರು?

"ಅಯ್ಯ, ಎಷ್ಟ ಚಂದ ಅದಾವ!" ಎಂದು ತೋರುಬೆರಳು ಚಾಚಿದರು.

ನಿಂಬೆವ್ವ ಹಾರಿ ಬಂದು ಡಾಕ್ಟರ ಬೆರಳನ್ನು ಮುಷ್ಟಿಯಲ್ಲಿ ಹಿಡಿದೇಬಿಟ್ಟಳು. "ಬೆರಳ ಮಡಚ್ರಿ ಬಾಯಾರ! ಹೀಚಿಗೆ ಬೆರಳ ತೋರಸ್ತಾರೇನು? ಎಲ್ಲಾ ಕೊಳತ ಬೀಳ್ತಾವ!"

"ಮತ್ತ ಹೆಂಗ ತೋರಸೂದವ್ವಾ?"

"ಹಿಂಗ." ನಿಂಬೆವ್ವ ತೋರುಬೆರಳನ್ನು ಒಳಕ್ಕೆ ಮಡಚಿ, ಅದರ ಗಿಣ್ಣನ್ನು ಹೀಚಿನತ್ತ ತಿರುಗಿಸಿದಳು. "ಕೂಸು ಕೈ ಎತ್ತೂದ ಕಲತ ದಿನಾನ ಬೆರಳ ಮಡಚಿ ಕಲಸ್ತೀವ್ರಿ ನಾವು. ಬಳ್ಳಿ ನಂಬಿ ಬದುಕೂ ಮಂದಿ. ಬೆರಳ ಚಾಚಿದ್ರ ಹೊಟ್ಟಿಗೇನ ತಿನ್ನೂದು?"

ಹಂದರದ ಕೆಳಗೆ ಆಡುತ್ತಿದ್ದ ಚಿಳ್ಳೆಪಿಳ್ಳೆಗಳು ಇಷ್ಟೂ ಗೊತ್ತಿಲ್ಲದ ಡಾಕ್ಟರನ್ನು ನೋಡಿ ಕೇಕೆ ಹಾಕಿದವು. ಅವುಗಳಲ್ಲೊಂದು, ಸರಿಯಾಗಿ ಮಾತೂ ಬಾರದ್ದು, ಇನ್ನೊಂದಕ್ಕೆ ಗಿಣಿ ತೋರಿಸುತ್ತಿತ್ತು. ಬೆರಳಿನ ಗಿಣ್ಣಿನಿಂದ.

ನೀಲಾಂಬಿಕಾ ಅಲ್ಲೇ ಬದುವಿನ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬೆಟ್ಟ ಅಗೆದು ಇಲಿ ಹಿಡಿದದ್ದಾಯಿತು! ಚಾಚಿದ ಬೆರಳನ್ನು ಮಾತ್ರ ಬೆರಳೆಂದು ಕಲಿತಿದ್ದ ಹಲ್ಲಿಗೆ ಮಡಚಿದ ಬೆರಳು ಬರೀ ಮುಷ್ಟಿಯಾಗಿ ಕಂಡಿತ್ತು. ಬಳ್ಳಿಗೇರಿಯ ಮಕ್ಕಳು ದಿನವಿಡೀ ತೋರಿಸುತ್ತಲೇ ಇದ್ದರು. ಆ ಸಂತೋಷದಲ್ಲಿ, ಹಂದರದ ಆ ತುದಿಯಲ್ಲಿ ಎಲ್ಲರಿಗೂ ಬೆನ್ನು ಹಾಕಿ ಒಂದು ದಾರದೆಳೆಯನ್ನು ಕಣ್ಣ ಮುಂದೆ ಆಡಿಸುತ್ತ ಕುಳಿತಿದ್ದ ಗೌರಾ ಅವರ ಕಣ್ಣಿಗೆ ಬೀಳಲಿಲ್ಲ. ಅತ್ತೆಯ ಹಿಂದೆ ನಿಂತಿದ್ದ ಕಸ್ತೂರಿ ಮಾತ್ರ ಅತ್ತ ನೋಡಿದಳು. ನಗುವ ಮಕ್ಕಳನ್ನೂ ನೋಡಿದಳು.

ಕೆಲವೇ ದಿನಗಳಲ್ಲಿ ಆದೇಶ ಬಂತು. ಬಳ್ಳಿಗೇರಿಯ ಎಲ್ಲ ಫಲಿತಾಂಶ ರದ್ದು. ಮುಂದಿನ ವರ್ಷದ ಸರದಿಯಲ್ಲಿ ಹೊಸದಾಗಿ ತಪಾಸಣೆ. ಇಮ್ತಿಯಾಜ್ ಒಂದು ಗುಂಡಿ ಒತ್ತಿದ, ಇಡೀ ಊರಿನ ಕೆಂಪು ಮಾಯವಾಯಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು ಎಂದು ಆ ಹೊತ್ತಿನಲ್ಲಿ ಯಾರಿಗೂ ಅನ್ನಿಸಲಿಲ್ಲ. ಊರಲ್ಲಿ ಹೋಳಿಗೆ ಮಾಡಿ ಉಂಡರು. ಪೇಟೆಯವರು ಮತ್ತೆ ಕಾಯಿ ಕೊಂಡರು. ಮುರಿದ ಮದುವೆ ಕೂಡಿತು.

"ಕೇಳಿದೇನ?" ಎಂದಳು ನಿಂಬೆವ್ವ ಹೋಳಿಗೆ ಬಡಿಸುತ್ತ. "ಮಷೀನ ತಪ್ಪಾಗಿತ್ತಂತ. ನಮ್ಮ ಗೌರಾಗ ಏನೂ ಆಗಿಲ್ಲ. ಇನ್ನರೆ ಮಾರಿ ಸಣ್ಣ ಮಾಡೂದ ಬಿಡು."

ಕಸ್ತೂರಿ ತನ್ನ ಹೋಳಿಗೆಯನ್ನು ಬದಿಗೆ ಸರಿಸಿದಳು. ಮುಂದಿನ ವರ್ಷ ಎಂದರೆ ಗೌರಾಳಿಗೆ ಮೂರೂವರೆ. ಚಿಕ್ಕಂದಿನಲ್ಲಿ ಕಲಿಸಿದಷ್ಟು ಸಲೀಸಾಗಿ ಆಮೇಲೆ ಕಲಿಸಲಾಗುವುದಿಲ್ಲ ಎಂದು ಹಲ್ಲಿ ಅಂಟಿಸಲು ಬಂದವರೇ ಹೇಳಿದ್ದರು. ಅವಳು ಕೇಂದ್ರಕ್ಕೆ ಫೋನ್ ಮಾಡಿದಳು. 'ನಿಮ್ಮ ಮಗುವಿನ ಬಗ್ಗೆ ಚಿಂತೆಗೆ ಕಾರಣವಿಲ್ಲ' ಎಂದು ಮೊದಲೇ ಧ್ವನಿಮುದ್ರಿಸಿಟ್ಟ ದನಿ ಸಿಹಿಯಾಗಿ ಹೇಳಿತು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮಾರನೆಯ ದಿನ ಅತ್ತೆಗೆ ಹೇಳಿಯೇ, ಅತ್ತೆಯ ಬೈಗುಳ ಕೇಳಿಯೇ, ಮಗಳನ್ನು ಸೊಂಟಕ್ಕೇರಿಸಿಕೊಂಡು ಧಾರವಾಡದ ಬಸ್ಸು ಹತ್ತಿದಳು. ಬಾಳಪ್ಪ ನಿಲ್ದಾಣದವರೆಗೆ ಬಂದು, "ಹೋಗಿ ಬಾ. ಕೇಳಿದ್ರ ತಪ್ಪೇನೈತಿ," ಎಂದ. ಆಡುವ ಬಾಯಿಯವನಾದರೂ ಅಂದು ಅಷ್ಟಕ್ಕೇ ನಿಲ್ಲಿಸಿದ.

ನಿಯಂತ್ರಣ ಕೋಣೆಯ ಬಾಗಿಲಲ್ಲಿ ಕಾವಲುಗಾರ ತಡೆದರೂ ಅವಳು ನಿಲ್ಲಲಿಲ್ಲ. ಒಳಗೆ ಇಮ್ತಿಯಾಜ್ ಹಲ್ಲಿಗೆ ಮಡಚಿದ ಬೆರಳಿನ ಪಾಠ ಕಲಿಸುತ್ತಿದ್ದ. ನೀಲಾಂಬಿಕಾ ಪಕ್ಕದಲ್ಲಿದ್ದರು.

"ನನ್ನ ಮಗಳ ಕೆಂಪು ನನಗ ವಾಪಸ್ ಕೊಡ್ರಿ," ಎಂದಳು ಕಸ್ತೂರಿ.

ಇಬ್ಬರಿಗೂ ಅರ್ಥವಾಗಲಿಲ್ಲ. ಹೆಸರೇನು, ಯಾವ ಊರು ಎಂದು ಕೇಳಿ ತಿಳಿದ ಮೇಲೆ ಇಮ್ತಿಯಾಜ್ ಸಮಾಧಾನದ ದನಿಯಲ್ಲಿ ಹೇಳಿದ: "ಅಕ್ಕಾರ, ಅದು ನಮ್ಮ ಮಷೀನಿನ ತಪ್ಪ್ರಿ. ನಿಮ್ಮ ಊರಾಗ ಬೆರಳ ಮಡಚಿ ತೋರಸ್ತಾರ, ಅದಕ್ಕ ತಿಳೀಲಿಲ್ಲ. ಖುಷಿ ಪಡ್ರಿ, ನಿಮ್ಮ ಕೂಸು ಚೊಲೋ ಐತಿ."

"ಮಡಚಿನೂ ತೋರಸೂದಿಲ್ರಿ ಆಕಿ! ಅದನ್ನ ಹೇಳಾಕ ಬಂದೀನಿ." ಕಸ್ತೂರಿಯ ದನಿ ಏರಿತು. "ನಿಮ್ಮ ಹಲ್ಲಿ ಊರ ಮಂದಿಗೆಲ್ಲಾ ಸುಳ್ಳ ಹೇಳಿತು. ನನಗೊಬ್ಬಾಕಿಗೆ ಖರೇ ಹೇಳಿತ್ರಿ. ಸುಳ್ಳ ಅಳಸೂ ಮುಂದ ನನ್ನ ಖರೇನೂ ಅಳಿಸಿಬಿಟ್ಟೀರಿ. ಈಗ ಮನ್ಯಾಗ ಯಾರೂ ನನ್ನ ಮಾತ ನಂಬೂದಿಲ್ಲ."

ಇಮ್ತಿಯಾಜ್ ತೆರೆಯತ್ತ ತಿರುಗಿ ಹುಡುಕಿದ. ಬಳ್ಳಿಗೇರಿ ಖಾಲಿಯಿತ್ತು. ಗೌರಾಳ ಒಂದು ಉತ್ತರವೂ ಉಳಿದಿರಲಿಲ್ಲ. ಅವನು ನೀಲಾಂಬಿಕಾರ ಮುಖ ನೋಡಿದ. ಆ ಕೋಣೆಯಲ್ಲಿ ಅಷ್ಟೊಂದು ಯಂತ್ರಗಳಿದ್ದವು, ಈ ಮಗುವಿನ ಬಗ್ಗೆ ಹೇಳಬಲ್ಲವರು ಮಾತ್ರ ತಾಯಿಯೊಬ್ಬಳೇ.

ನೀಲಾಂಬಿಕಾ ಕೈಯಲ್ಲಿದ್ದ ಟ್ಯಾಬ್ ಆರಿಸಿ ಮೇಜಿನ ಮೇಲಿಟ್ಟರು. ಸೀರೆ ಒತ್ತಟ್ಟಿಗೆ ಸರಿಸಿಕೊಂಡು ನೆಲದ ಮೇಲೆಯೇ ಕುಳಿತರು. ಗೌರಾ ಆಗಲೇ ಕುರ್ಚಿಯೊಂದರ ಗಾಲಿ ತಿರುಗಿಸುತ್ತ ಕುಳಿತಾಗಿತ್ತು.

"ಬಾ ಕಸ್ತೂರಿ, ಕೂಡು. ನಾ ಕೇಳತೇನಿ, ನೀ ಹೇಳು. 'ಹೌದು', 'ಇಲ್ಲ' ಅಂತ ಹೇಳೂದ ಬ್ಯಾಡ, ಆಕಿ ಏನ ಮಾಡ್ತಾಳ ಅದನ್ನ ಹೇಳು. ನೀರ ಬೇಕಾದ್ರ ಹೆಂಗ ಕೇಳ್ತಾಳ?"

"ನನ್ನ ಕೈ ಹಿಡದ ಎಳಕೊಂಡ ಹೋಗಿ ಕೊಡದ ಮ್ಯಾಲೆ ಇಡ್ತಾಳ್ರಿ. ಮಾರಿ ನೋಡೂದಿಲ್ಲ. ಕೈ ಅಷ್ಟ ಬೇಕ್ರಿ ಆಕಿಗೆ."

"ಒಮ್ಮೊಮ್ಮೆ ಏನೂ ಬ್ಯಾಡಾಗಿರ್ತೈತಿ. ಆದ್ರೂ ನಿನ್ನ ಕರದು ಏನರೆ ತೋರಸ್ತಾಳೇನು? ನಾಯಿ, ಹಕ್ಕಿ, ಏನಾದ್ರೂ? ಸುಮ್ನ, ನಮ್ಮವ್ವನೂ ನೋಡ್ಲಿ ಅಂತ?"

ಬೇಡುವುದು ಬೇರೆ, ಹಂಚಿಕೊಳ್ಳುವುದು ಬೇರೆ ಎಂದು ಕಸ್ತೂರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಆದರೆ ಪ್ರಶ್ನೆ ಕೇಳಿದ ಕೂಡಲೇ, ತನ್ನನ್ನು ಇಷ್ಟು ದಿನ ಕೊರೆಯುತ್ತಿದ್ದುದು ಇದೇ ಎಂದು ಗೊತ್ತಾಯಿತು.

"ಸುಮ್ನ ಅಂತ್ರ್ಯಾ?... ಇಲ್ರಿ ಬಾಯಾರ. ಒಮ್ಮಿನೂ ಇಲ್ಲ. ಎದುರಮನಿ ಕೂಸು ದಿನಾ ಅವರವ್ವನ್ನ ಕರದು ಕಾಗಿ ತೋರಸ್ತೈತಿ. ಹಾಳ ಕಾಗಿ, ಅದರಾಗ ನೋಡೂದೇನೈತ್ರಿ? ಆದ್ರೂ ನನಗ ಹೊಟ್ಟಿಕಿಚ್ಚಾಗ್ತೈತಿ." ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಇಮ್ತಿಯಾಜ್ ಎದ್ದು ಹೋಗಿ ನೀರು ತಂದುಕೊಟ್ಟ. ಅವನ ಕಣ್ಣೂ ಒದ್ದೆಯಾಗಿತ್ತು.

ನೀಲಾಂಬಿಕಾ ಅವಳ ಬೆನ್ನ ಮೇಲೆ ಕೈಯಿಟ್ಟರು. "ಕೆಂಪು ಅಂದ್ರ ರೋಗ ಅಲ್ಲವ್ವಾ. ಹತ್ರ ಹೋಗಿ ನೋಡ್ರಿ ಅಂತ ಅಷ್ಟ ಅದರ ಅರ್ಥ. ನೋಡೂಣು. ಮೊದಲ ಕಿವಿ ತೋರಸೂಣು. ಆಮ್ಯಾಲೆ ಆಕಿ ಜೋಡಿ ಹೆಂಗ ಆಡಬೇಕು ಅನ್ನೂದು ನಾ ಕಲಸತೇನಿ. ನೀ ಭಾಳ ಚೊಲೋ ಮಾಡಿದಿ ಬಂದದ್ದು."

ಕಿವಿ ಸರಿಯಾಗಿಯೇ ಇದ್ದವು. ಉಳಿದ ಪರೀಕ್ಷೆಗಳೂ ನಡೆದವು. ಗೌರಾಳ ಮನಸ್ಸು ಜಗತ್ತನ್ನು ಬೇರೆ ದಾರಿಯಿಂದ ಹಿಡಿಯುತ್ತದೆ, ಆ ದಾರಿಯಲ್ಲಿ ದೊಡ್ಡವರೇ ಎದುರು ಹೋಗಿ ಅವಳ ಜೊತೆಗೂಡಬೇಕು ಎಂದು ನೀಲಾಂಬಿಕಾ ಮನೆಯವರಿಗೆಲ್ಲ ತಿಳಿಯುವಂತೆ ಹೇಳಿದರು. ಕೇಂದ್ರದಿಂದ ವಾರಕ್ಕೊಮ್ಮೆ ತರಬೇತಿಯವಳೊಬ್ಬಳು ಬಳ್ಳಿಗೇರಿಗೆ ಬರತೊಡಗಿದಳು. ಅವಳು ಕಲಿಸಿದ್ದು ಇಷ್ಟು: ಮಗುವಿನ ಮುಖದ ಮಟ್ಟಕ್ಕೆ ಕುಳಿತುಕೊಳ್ಳಿ, ಅದು ಮಾಡಿದ್ದನ್ನೇ ನೀವೂ ಮಾಡಿ, ಆಮೇಲೆ ನಿಲ್ಲಿಸಿ ಕಾಯಿರಿ.

"ಇದಕ್ಕೊಂದ ಸಾಲಿ ಬೇರೆ!" ಎಂದು ನಿಂಬೆವ್ವ ಮೂಗು ಮುರಿದಳು. ಆದರೂ ಯಾರೂ ಇಲ್ಲದ ಹೊತ್ತು ನೋಡಿ ಮೊಮ್ಮಗಳ ಎದುರು ಕುಳಿತು, ಅವಳಂತೆಯೇ ಒಂದು ಮುಚ್ಚಳ ಗಿರಗಿರ ತಿರುಗಿಸಿದಳು. ಒಂದಷ್ಟು ದಿನ ಏನೂ ಆಗಲಿಲ್ಲ. ಮತ್ತೊಂದು ದಿನ ಅಜ್ಜಿ ತನ್ನ ಮುಚ್ಚಳ ನಿಲ್ಲಿಸಿದಾಗ ಗೌರಾ ತಲೆಯೆತ್ತಿ ಅಜ್ಜಿಯ ಮುಖ ನೋಡಿದಳು, ಯಾಕೆ ನಿಲ್ಲಿಸಿದಿ ಎಂಬಂತೆ. ನಿಂಬೆವ್ವ ಓಡಿಬಂದು ಸೊಸೆಗೆ ಹೇಳಿದಳು. ಅಂದಿನಿಂದ ಅವಳೇ ಮನೆಯ ಡಾಕ್ಟರು. ಮಗ ಟೆಂಪೋ ಇಳಿದು ಬಂದರೆ ಅವನಿಗೂ ಒಂದು ಮುಚ್ಚಳ ಕೊಟ್ಟು ಕೂರಿಸುತ್ತಿದ್ದಳು.

ಅತ್ತ ಕೇಂದ್ರದಲ್ಲಿ ದೊಡ್ಡ ಸಭೆ ನಡೆಯಿತು. ಯಂತ್ರಕ್ಕೆ ಇನ್ನಷ್ಟು ಸನ್ನೆ ಕಲಿಸಿದರೆ ಸಾಕು ಎಂದರು ಹಿರಿಯರು. ಇಮ್ತಿಯಾಜ್ ಎದ್ದು ನಿಂತ.

"ಕಲಸೂಣು ಸರ. ಆದ್ರ ಒಂದೊಂದ ಊರಿಗೆ ಒಂದೊಂದ ರೀತಿ ಐತಿ, ಎಷ್ಟಂತ ಕಲಸೂದು? ಹಲ್ಲಿ ತನ್ನ ಉತ್ತರ ತಾನು ಬರಕೊಳ್ಳಲಿ. ಆದ್ರ ತಾಯಿನ್ನೂ ಕೇಳ್ಲಿ. ಇಬ್ಬರ ಉತ್ತರ ಕೂಡಲಿಲ್ಲ ಅಂದ್ರ ನಮ್ಮಂದಿ ಆ ಮನಿಗೆ ಹೋಗ್ಲಿ."

"ತಾಯಂದಿರು ಸುಳ್ಳು ಹೇಳ್ತಾರಲ್ರೀ!" ಎಂದರು ಒಬ್ಬರು.

"ಅತ್ತಿ ಮುಂದ ಕೇಳಿದ್ರ ನಾನೂ ಸುಳ್ಳ ಹೇಳ್ತಿದ್ದೆ," ಎಂದರು ನೀಲಾಂಬಿಕಾ. "ಒಬ್ಬಾಕಿನ್ನ ಕೂಡಿಸಿಕೊಂಡು, ಅವಸರ ಮಾಡದ ಕೇಳ್ರಿ. ಆಮ್ಯಾಲೆ ಹೇಳ್ರಿ ನನಗ."

ಸಭೆ ಒಪ್ಪಿತು. ಮೂರು ಉತ್ತರಗಳ ಜೊತೆಗೆ ನಾಲ್ಕನೆಯದೊಂದು ಸೇರಿತು: 'ನಮ್ಮಲ್ಲಿ ಬೇರೆ ರೀತಿ'. ಹಲ್ಲಿಯ ಬೆನ್ನ ಮೇಲೆ ಅದನ್ನು ಒತ್ತಿದರೆ ತಾಯಿ ತನ್ನ ಮಾತಿನಲ್ಲೇ ವಿವರಿಸಬಹುದಿತ್ತು, ಆ ದನಿ ನೇರ ಕೇಂದ್ರಕ್ಕೆ ಹೋಗುತ್ತಿತ್ತು. ರಾಜ್ಯದ ಮೂಲೆಮೂಲೆಯಿಂದ ಉತ್ತರಗಳು ಹರಿದುಬಂದವು. ಮಗು ಚಮಚದಿಂದ ತಿನ್ನುತ್ತದೆಯೇ ಎಂದರೆ, 'ನಾವ ತಿನ್ನೂದಿಲ್ಲ, ಕೂಸ ಎಲ್ಲಿ ತಿನಬೇಕು' ಎಂದಳೊಬ್ಬಳು. ಮೆಟ್ಟಿಲು ಹತ್ತುತ್ತದೆಯೇ ಎಂದರೆ, 'ನಮ್ಮೂರಲ್ಲಿ ಮೆಟ್ಲೇ ಇಲ್ಲ, ಸೀಬೆ ಮರ ಹತ್ತಿ ಕೂತವ್ನೆ, ಇಳಿಸೋದೆಂಗೆ ಅಂತ ನೀವೇ ಹೇಳಿ' ಎಂದು ಇನ್ನೊಬ್ಬಳು ಸವಾಲು ಹಾಕಿದಳು. ನಿಯಂತ್ರಣ ಕೋಣೆಯಲ್ಲಿ ನಗುವಿಗೆ ಬರವಿರಲಿಲ್ಲ. ಆ ನಗುವಿನ ನಡುವೆ ಆಗಾಗ ಒಬ್ಬ ತಾಯಿಯ ದನಿ ತಡವರಿಸುತ್ತಿತ್ತು. ಇಮ್ತಿಯಾಜ್ ಆಗ ತಕ್ಷಣ ವಾಹನ ಕಳಿಸುತ್ತಿದ್ದ.

ಬಳ್ಳಿಗೇರಿಯಲ್ಲಿ ಹಂಗಾಮು ಮುಗಿದು ಹೊಸ ಬಳ್ಳಿ ಹಬ್ಬುವ ಹೊತ್ತಿಗೆ ಗೌರಾ ಕೆಲವು ಮಾತು ಕಲಿತಿದ್ದಳು. ಹೆಸರು ಕರೆದರೆ ಒಮ್ಮೊಮ್ಮೆ ತಿರುಗುತ್ತಿದ್ದಳು. ಬೇಕಾದ್ದನ್ನು ಕೇಳುವುದು ಅವಳಿಗೆ ಬಂದಿತ್ತು. ಕಸ್ತೂರಿ ಅಷ್ಟಕ್ಕೇ ತೃಪ್ತಳಾಗಲು ಕಲಿಯುತ್ತಿದ್ದಳು. ಕಲಿತೆ ಎಂದು ಅಂದುಕೊಂಡಿದ್ದಳು.

ಒಂದು ಮಧ್ಯಾಹ್ನ ಅವಳು ಅಂಗಳದಲ್ಲಿ ಕಾಯಿ ಆರಿಸುತ್ತಿದ್ದಾಗ ಗೌರಾ ಬಂದು ಕೈ ಹಿಡಿದು ಎಳೆದಳು. ಕಸ್ತೂರಿ ಎದ್ದು ನೀರು ಕೊಟ್ಟಳು. ಗೌರಾ ಲೋಟ ನೂಕಿದಳು. ಬೆಲ್ಲ ಕೊಟ್ಟಳು, ಅದೂ ಬೇಡ. ಮಗಳು ಮತ್ತೆ ಎಳೆದಳು. ಬೇಲಿಯವರೆಗೆ ಎಳೆದು ತಂದು ನಿಲ್ಲಿಸಿದಳು. ಅಲ್ಲಿ ಬಾಳಪ್ಪನ ಟೆಂಪೋದ ನೆತ್ತಿಯ ಮೇಲೆ ಒಂದು ಆಡು ಹೇಗೋ ಹತ್ತಿ ನಿಂತು, ಗಡ್ಡ ಅಲುಗಿಸುತ್ತ ಊರು ನೋಡುತ್ತಿತ್ತು. ಗೌರಾ ಆಡಿನತ್ತ ಪೂರ್ತಿ ಕೈ ಎತ್ತಿದಳು. ಆಮೇಲೆ ತಿರುಗಿ ತಾಯಿಯ ಮುಖ ನೋಡಿದಳು. ಮತ್ತೆ ಆಡು ನೋಡಿದಳು. ಮತ್ತೆ ತಾಯಿಯ ಮುಖ, ತಾಯಿ ನೋಡುತ್ತಿದ್ದಾಳೋ ಇಲ್ಲವೋ ಎಂದು.

ಒಳಗಿನಿಂದ ರೊಟ್ಟಿ ಬಡಿಯುತ್ತಿದ್ದ ನಿಂಬೆವ್ವ ಕೂಗಿದಳು: "ಯಾಕ ಅಷ್ಟ ಎಳೀಲಿಕತ್ತಾಳ? ಏನ ಬೇಕಂತ ಆಕಿಗೆ?"

ಕಸ್ತೂರಿ ಮಗಳ ಮುಖದ ಮಟ್ಟಕ್ಕೆ ಬಾಗಿ, ಅವಳ ಕೈ ಹೋದತ್ತ ನೋಡಿದಳು.

"ಏನೂ ಬ್ಯಾಡಂತ್ರಿ ಅತ್ತಿ," ಎಂದಳು. "ಆಡು ನೋಡು ಅಂತ. ಸುಮ್ನ."

ರೊಟ್ಟಿ ಬಡಿಯುವ ಸದ್ದು ನಿಂತಿತು. ನಿಂಬೆವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಮೂವರೂ ಬೇಲಿಗೆ ಆತು ನಿಂತು ಆಡನ್ನು ನೋಡಿದರು. ಒಳಗೆ ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು, ಯಾರೂ ಹೋಗಲಿಲ್ಲ.